ಇಂಗ್ಲೆಂಡಿನಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್: ಐದು ವರ್ಷದ ನನ್ನ ಅನುಭವ

2019ರ ಸೆಪ್ಟೆಂಬರ್‌ನಲ್ಲಿ ಸೇರಿದೆ, 2024ರಲ್ಲಿ ಮುಗಿಸಿದೆ. ಇಂಗ್ಲೆಂಡಿನ ನಡುಭಾಗದ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಕಂಪನಿಯಲ್ಲಿ ಯಂತ್ರಭಾಗಗಳ ಡಿಸೈನ್ ಕೆಲಸ, ಪಕ್ಕದ ಊರಿನ ಯೂನಿವರ್ಸಿಟಿಯಲ್ಲಿ ಓದು. ಮುಗಿದ ತಕ್ಷಣ ಬರೆಯಬಾರದು ಅಂದುಕೊಂಡಿದ್ದೆ. ಮೊದಲನೇ ವರ್ಷ ಬರೆದಿದ್ದರೆ ಸಂಬಳ ಬಂದ ಖುಷಿಯೇ ತುಂಬಿರುತ್ತಿತ್ತು. ಮೂರನೇ ವರ್ಷ ಬರೆದಿದ್ದರೆ ಬರೀ ದೂರು. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಗೊತ್ತಿಲ್ಲದವರಿಗೆ ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ ಶುರುವಾಗಿದ್ದು 2015ರಲ್ಲಿ. ಇಲ್ಲಿ ನೀವು ಮೊದಲು ಕಂಪನಿಯ ಉದ್ಯೋಗಿ, ಆಮೇಲೆ ವಿದ್ಯಾರ್ಥಿ. ಕಾಲೇಜಿನ ಫೀಸು ನೀವು ಕಟ್ಟುವಂತಿಲ್ಲ. ಎಲ್ಲ ಉದ್ಯೋಗಿಗಳಿಗೂ ಸೇರಿ ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಜಾಸ್ತಿ ಸಂಬಳ ಕೊಡುವ ಕಂಪನಿಗಳು 2017ರಿಂದ ಆ ಹೆಚ್ಚಿನ ಮೊತ್ತದ ಮೇಲೆ ಶೇ. 0.5ರಷ್ಟು ಲೆವಿ, ಅಂದರೆ ಒಂದು ಬಗೆಯ ತೆರಿಗೆ, ಕಟ್ಟುತ್ತವೆ. ತರಬೇತಿಯ ಖರ್ಚು ಹುಟ್ಟುವುದು ಆ ಹಣದಿಂದ. ನನ್ನ ಜೊತೆ ಶಾಲೆ ಮುಗಿಸಿದವರು ಯೂನಿವರ್ಸಿಟಿಗೆ ವರ್ಷಕ್ಕೆ 9,250 ಪೌಂಡ್ ಫೀಸಿಗೆ ಸಾಲ ಮಾಡಿದರು. ನನಗೆ ಒಂದು ಪೌಂಡ್ ಸಾಲವೂ ಆಗಲಿಲ್ಲ. ಆಗ ಅಪ್ರೆಂಟಿಸ್‌ಗಳ ಕನಿಷ್ಠ ಕೂಲಿ ಗಂಟೆಗೆ 3.90 ಪೌಂಡ್. ನಮ್ಮ ಕಂಪನಿ ಅದಕ್ಕಿಂತ ಚೆನ್ನಾಗಿಯೇ ಕೊಟ್ಟಿತು.

ಮನೆಯಲ್ಲಿ ಒಪ್ಪಿಸುವುದು ಸುಲಭ ಇರಲಿಲ್ಲ. ನಾನು ಹತ್ತು ವರ್ಷದವಳಿದ್ದಾಗ ತುಮಕೂರಿನಿಂದ ಇಲ್ಲಿಗೆ ಬಂದವರು ನಾವು. ಅಪ್ರೆಂಟಿಸ್ ಅಂದಕೂಡಲೇ ಅಮ್ಮನ ಮುಖ ಸಪ್ಪಗಾಯಿತು. 'ಎಲ್ಲರ ಮಕ್ಕಳೂ ಬಿ.ಇ. ಓದ್ತಿರುವಾಗ ನೀನು ಗ್ಯಾರೇಜ್ ಕೆಲಸಕ್ಕೆ ಹೋಗ್ತೀಯಾ?' ಅಂದರು. ಅವರ ತಪ್ಪಲ್ಲ. ನಮ್ಮ ಊರಲ್ಲಿ ಆ ಮಾತು ಕೇಳಿದರೆ ಐಟಿಐ ನೆನಪಾಗುತ್ತದೆ, ಇಲ್ಲವೇ ಡಿಗ್ರಿ ಆದಮೇಲೆ ಸ್ಟೈಪೆಂಡ್ ಮೇಲೆ ಮಾಡುವ ಒಂದು ವರ್ಷದ ತರಬೇತಿ. ಫೋನಿನಲ್ಲಿ ಸಮಾಧಾನ ಮಾಡಿದ್ದು ನನ್ನ ಸೋದರಮಾವ. ಅವರು ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮೇಲೆ ದುಡಿದವರು. ಅವರು ಕೇಳಿದ್ದು ಒಂದೇ ಪ್ರಶ್ನೆ. 'ಮೊದಲನೇ ವರ್ಷ ಫೈಲಿಂಗ್ ಮಾಡಿಸ್ತಾರಾ ಪುಟ್ಟಿ?' ಫೈಲಿಂಗ್ ಅಂದರೆ ಅರದಿಂದ ಲೋಹ ಉಜ್ಜುವುದು. ಹೌದು ಮಾವ ಅಂದೆ. 'ಹಾಗಾದ್ರೆ ಸೇರ್ಕೋ. ಅಕ್ಕನಿಗೆ ನಾನು ಹೇಳ್ತೀನಿ.'

ಮಾವ ಯಾಕೆ ಹಾಗೆ ಕೇಳಿದರು ಅನ್ನುವುದು ಮೊದಲ ತಿಂಗಳೇ ಅರ್ಥವಾಯಿತು. ಡಿಸೈನ್ ಅಂದರೆ ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ ಅಂದುಕೊಂಡು ಹೋಗಿದ್ದೆ. ಅವರು ಒಂದು ಉಕ್ಕಿನ ತುಂಡು, ಒಂದು ಅರ, ಲಂಬಕೋನ ನೋಡುವ ಒಂದು ಟ್ರೈ ಸ್ಕ್ವೇರ್ ಕೊಟ್ಟು, ತುಂಡನ್ನು ಬಿಗಿಹಿಡಿಯುವ ವೈಸ್ ಮುಂದೆ ನಿಲ್ಲಿಸಿದರು. ಆರೂ ಮುಖ ಸಮತಟ್ಟಾಗಬೇಕು, ಒಂದಕ್ಕೊಂದು ಮೂಲೆಮಟ್ಟ ಸರಿಯಿರಬೇಕು. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ಕಾಣಬಾರದು. ಒಂದು ಮುಖ ಸರಿ ಮಾಡುವಷ್ಟರಲ್ಲಿ ಪಕ್ಕದ್ದು ಕೆಡುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಬಂತು. ಡ್ರಾಯಿಂಗಿನಲ್ಲಿ ಫ್ಲ್ಯಾಟ್‌ನೆಸ್ (ಮುಖ ಎಷ್ಟು ಸಮತಟ್ಟಾಗಿರಬೇಕು ಅನ್ನುವ ಅಳತೆ) 0.05 ಮಿಲಿಮೀಟರ್ ಅಂತ ಬರೆಯುವುದಕ್ಕೆ ಎರಡು ಸೆಕೆಂಡ್ ಸಾಕು. ಆ 0.05ರ ಬೆಲೆ ಏನು ಅಂತ ನನ್ನ ಭುಜಕ್ಕೆ ಇವತ್ತಿಗೂ ಗೊತ್ತು. ಬೇಡದ ಕಡೆ ಬಿಗಿ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಅನ್ನುವ ಮಿತಿ) ಕೊಡಲು ನನಗೆ ಮನಸ್ಸೇ ಬರುವುದಿಲ್ಲ. ಈ ಐದು ವರ್ಷದಲ್ಲಿ ಅತ್ಯಂತ ಬೆಲೆಬಾಳುವ ಭಾಗ ಯಾವುದು ಅಂದರೆ ಇದನ್ನೇ ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ವರ್ಕ್‌ಶಾಪ್ ಬಾಗಿಲು ಹಾಕಿತು. ಮಿಲ್ಲಿಂಗ್, ಅಂದರೆ ತಿರುಗುವ ಕಟರ್‌ನಿಂದ ಲೋಹ ಕತ್ತರಿಸುವುದು, ಕಲಿಯುವುದು ಅರ್ಧಕ್ಕೇ ನಿಂತಿತು. ಆ ಬೇಸರ ಇನ್ನೂ ಇದೆ.

ಎರಡನೇ ವರ್ಷದಿಂದ ಡಿಸೈನ್ ಆಫೀಸು. ಕಂಪ್ಯೂಟರಿನಲ್ಲಿ 3ಡಿ ಮಾಡೆಲ್ ಮಾಡುವ ಸಾಲಿಡ್‌ವರ್ಕ್ಸ್ ತಂತ್ರಾಂಶ ಕಲಿಯುವುದು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಸ್ಕ್ರೀನಿನ ಆಚೆ ಇರುವುದನ್ನು ಊಹಿಸುವುದು. ಒಂದು ಬ್ರ್ಯಾಕೆಟ್, ಅಂದರೆ ಭಾಗಗಳನ್ನು ಹಿಡಿದಿಡುವ ಆಧಾರ, ಮಾಡಿದ್ದೆ. 8 ಮಿಲಿಮೀಟರ್ ದಪ್ಪದ ಎಂ8 ಬೋಲ್ಟುಗಳು ನಾಲ್ಕು. ಮಾಡೆಲ್‌ನಲ್ಲಿ ಎಲ್ಲ ಚೆನ್ನಾಗಿ ಕೂತಿತ್ತು, ಎಲ್ಲೂ ಒಂದಕ್ಕೊಂದು ತಗುಲುತ್ತಿರಲಿಲ್ಲ. ಮೊದಲ ತುಂಡು ತಯಾರಾದ ದಿನ ಅಸೆಂಬ್ಲಿಯಿಂದ ಕರೆ ಬಂತು. ವಯಸ್ಸಾದ ಫಿಟ್ಟರ್ ಒಬ್ಬರು 13ರ ಸ್ಪ್ಯಾನರ್ ನನ್ನ ಕೈಗೆ ಕೊಟ್ಟು, 'ಹಿಂದಿನ ಬೋಲ್ಟ್ ನೀನೇ ಟೈಟ್ ಮಾಡಮ್ಮ' ಅಂದರು. ಬೋಲ್ಟಿಗೆ ಜಾಗ ಇತ್ತು. ಸ್ಪ್ಯಾನರ್ ತಿರುಗುವುದಕ್ಕೆ ಜಾಗ ಇರಲಿಲ್ಲ. ಅವರು ಬೈಯಲಿಲ್ಲ, ಪಕ್ಕದಲ್ಲಿ ನಿಂತು ಏನು ಮಾಡಬಹುದು ಅಂತ ಮಾತಾಡಿದರು. ಬೋಲ್ಟ್ ಬದಲಿಗೆ ಮೇಲಿನಿಂದ ಅಲೆನ್ ಕೀ ಇಳಿಯುವ ಸಾಕೆಟ್ ಸ್ಕ್ರೂ ಹಾಕಿ, ರಂಧ್ರವನ್ನು ಸ್ವಲ್ಪ ಈಚೆ ಸರಿಸಿದೆ. ಆ ವಾರವೇ ಯೂನಿವರ್ಸಿಟಿಯಲ್ಲಿ ಜೋಡಣೆಗೆ ಅನುಕೂಲವಾಗುವ ಡಿಸೈನ್ ಬಗ್ಗೆ ಪಾಠ ಇತ್ತು. ಪುಸ್ತಕದ ಒಂದೊಂದು ಸಾಲೂ ಆ ಬೋಲ್ಟಿನ ಬಗ್ಗೆಯೇ ಬರೆದಂತಿತ್ತು. ಹೀಗೆ ಪಾಠವೂ ಪೆಟ್ಟೂ ಒಂದೇ ವಾರ ಸಿಗುವುದು ಈ ದಾರಿಯಲ್ಲಿ ಮಾತ್ರ, ಅಲ್ವಾ?

ಇನ್ನು ನೋವಿನ ವಿಷಯ. ಇದರ ಬೆಲೆಯನ್ನು ನೀವು ದುಡ್ಡಿನಲ್ಲಿ ಕೊಡುವುದಿಲ್ಲ, ಸಮಯದಲ್ಲಿ ಕೊಡುತ್ತೀರಿ. ಆಗಿನ ನಿಯಮದ ಪ್ರಕಾರ ಕೆಲಸದ ಸಮಯದಲ್ಲಿ ಶೇ. 20 ಕಲಿಕೆಗೆ ಮೀಸಲು, ಅಂದರೆ ಹೆಚ್ಚುಕಡಿಮೆ ವಾರಕ್ಕೆ ಒಂದು ದಿನ. 2022ರ ಆಗಸ್ಟ್‌ನಿಂದ 2025ರ ಜುಲೈವರೆಗೆ ಸೇರಿದವರಿಗೆ ವಾರಕ್ಕೆ ಕನಿಷ್ಠ ಆರು ಗಂಟೆ ಅಂತ ಇತ್ತು. ನನ್ನ ದಿನ ಬುಧವಾರ. ಬುಧವಾರ ಪೂರ್ತಿ ಕ್ಲಾಸಿಗೇ ಹೋಗುತ್ತಿತ್ತು. ಅಸೈನ್‌ಮೆಂಟು, ಪರೀಕ್ಷೆಯ ತಯಾರಿ, ಕಲಿತದ್ದನ್ನೆಲ್ಲ ಸಾಕ್ಷಿ ಸಮೇತ ದಾಖಲಿಸುವ ಪೋರ್ಟ್‌ಫೋಲಿಯೋ, ಇವೆಲ್ಲ ರಾತ್ರಿ ಮತ್ತು ಭಾನುವಾರಕ್ಕೆ. ಮೂರನೇ ವರ್ಷ ಒಂದು ಪ್ರಾಜೆಕ್ಟ್ ತಡವಾದಾಗ ಬುಧವಾರವನ್ನೇ ಕೇಳತೊಡಗಿದರು. 'ಈ ವಾರ ಒಂದು ಸಲ' ಅಂತ ಶುರುವಾಗಿದ್ದು ಏಳು ವಾರ ನಡೆಯಿತು. ನನಗೆ ಇಪ್ಪತ್ತು ವರ್ಷ, ಆಗಲ್ಲ ಅನ್ನಲು ಧೈರ್ಯ ಇರಲಿಲ್ಲ. ಥರ್ಮೋಡೈನಮಿಕ್ಸ್‌ನಲ್ಲಿ ಫೇಲಾದೆ. ಮರುಪರೀಕ್ಷೆ ಬರೆದು ಪಾಸು ಮಾಡಿದೆ, ಆದರೆ ಆ ಬೇಸಿಗೆ ಅಜ್ಜಿಯನ್ನು ನೋಡಲು ತುಮಕೂರಿಗೆ ಹೋಗಲಾಗಲಿಲ್ಲ. ನಿಯಮ ನನ್ನ ಪರವಾಗಿಯೇ ಇತ್ತು. ಅದನ್ನು ಬಾಯಿಬಿಟ್ಟು ಕೇಳಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಡಿಗ್ರಿ ಬಂದರೂ ಅಪ್ರೆಂಟಿಸ್‌ಶಿಪ್ ಮುಗಿದಂತಲ್ಲ. ಕೊನೆಗೆ ಇನ್ನೊಂದು ಮೌಲ್ಯಮಾಪನ ಇದೆ. ಪೋರ್ಟ್‌ಫೋಲಿಯೋ ಮುಂದಿಟ್ಟುಕೊಂಡು ಪ್ರಶ್ನೆ ಕೇಳುತ್ತಾರೆ. ನಾನು ಬ್ರ್ಯಾಕೆಟ್ ಕಥೆಯನ್ನೇ ಹೇಳಿದೆ, ಹಳೇ ಡ್ರಾಯಿಂಗ್ ಮತ್ತು ಹೊಸದು ಎರಡನ್ನೂ ತೋರಿಸಿದೆ. ಪ್ರತಿ ವಾರ ಒಂದು ಪುಟ ಬರೆದಿಟ್ಟುಕೊಂಡರೆ ಆಗ ಪರದಾಡಬೇಕಿಲ್ಲ.

ಊರಿನಿಂದ ಕೆಲವರು ಮಕ್ಕಳನ್ನು ಇದಕ್ಕೆ ಕಳಿಸಬಹುದಾ ಅಂತ ಕೇಳುತ್ತಾರೆ. ಭಾರತದಿಂದ ನೇರ ಬಂದು ಸೇರುವ ದಾರಿ ಇದಲ್ಲ. ಇಲ್ಲಿ ಕೆಲಸ ಮಾಡುವ ಹಕ್ಕು ಬೇಕು, ಸಾಮಾನ್ಯವಾಗಿ ಮೂರು ವರ್ಷ ಇಲ್ಲೇ ನೆಲೆಸಿರಬೇಕು. ಕರ್ನಾಟಕದಲ್ಲೇ ಇರುವವರು ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನೋಡಬಹುದು. ಅದು ಡಿಗ್ರಿ ಅಲ್ಲ. ಆದರೆ ಮೂರು ವರ್ಷ ಓದು, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ, ಕೈಗೆ ಕೆಲಸ ಹತ್ತುತ್ತದೆ. ಚಾರ್ಟರ್ಡ್ ಇಂಜಿನಿಯರ್ (ಇಲ್ಲಿನ ಇಂಜಿನಿಯರ್‌ಗಳ ವೃತ್ತಿ ಮಾನ್ಯತೆ) ಆಗುವ ಆಸೆ ಇರುವವರಿಗೆ ಇನ್ನೊಂದು ತಿಳಿದಿರಲಿ. ನನ್ನಂತೆ ಬರೀ ಬ್ಯಾಚುಲರ್ ಡಿಗ್ರಿ ಮುಗಿಸಿದರೆ ಸಾಮಾನ್ಯವಾಗಿ ಅದಕ್ಕೆ ಸಾಲದು, ಮಾಸ್ಟರ್ಸ್ ಮಟ್ಟದ ಓದು ಬೇಕಾಗುತ್ತದೆ.

ಇಲ್ಲಿರುವ ಕನ್ನಡದ ಮಕ್ಕಳು ಇಂಟರ್‌ವ್ಯೂನಲ್ಲಿ ಎರಡು ಪ್ರಶ್ನೆ ತಪ್ಪದೇ ಕೇಳಿ. ಮೊದಲನೇ ವರ್ಷ ವರ್ಕ್‌ಶಾಪಿನಲ್ಲಿ ಎಷ್ಟು ತಿಂಗಳು? ಓದಿನ ದಿನಕ್ಕೆ ಕೆಲಸ ಬಿದ್ದರೆ ಆ ದಿನವನ್ನು ಯಾವಾಗ ವಾಪಸ್ ಕೊಡುತ್ತೀರಿ? ಎರಡಕ್ಕೂ ನೇರ ಉತ್ತರ ಸಿಕ್ಕರೆ ಧೈರ್ಯವಾಗಿ ಸೇರಿ.

ನಾನು ಅದೇ ಕಂಪನಿಯಲ್ಲೇ ಉಳಿದೆ. ಹೋದ ಸೆಪ್ಟೆಂಬರ್‌ನಿಂದ ನನ್ನ ಪಕ್ಕದ ಮೇಜಿನಲ್ಲಿ ಹೊಸ ಅಪ್ರೆಂಟಿಸ್ ಹುಡುಗ ಇದ್ದಾನೆ. ಅವನ ಓದಿನ ದಿನ ಗುರುವಾರ. ವಾರದ ಕೆಲಸ ಹಂಚುವ ಶೀಟಿನಲ್ಲಿ ಅವನ ಗುರುವಾರಕ್ಕೆ ನಾನೇ ಮೊದಲು ಗೆರೆ ಎಳೆದಿಡುತ್ತೇನೆ.