4,999 ರೂಪಾಯಿ ಕೊಟ್ಟು ಹಾಕಿಸಿಕೊಂಡ ಹಸಿರು ಬಳೆ

4,999 ರೂಪಾಯಿ ತಗೊಂಡು ನನ್ನ ಲಿಂಕ್ಡ್‌ಇನ್ ಪ್ರೊಫೈಲ್ ರಿಪೇರಿ ಮಾಡಿದವರ ಕಡೆಯಿಂದ, ಐದು ಸ್ಟಾರ್ ಕೊಡಿ ಸರ್ ಅಂತ ಮೂರು ಸಲ ಫೋನ್ ಬಂತು. ಕೊಟ್ಟರೆ ಕವರ್ ಲೆಟರ್ ಒಂದನ್ನು ಫ್ರೀಯಾಗಿ ಬರೆದುಕೊಡುತ್ತಾರಂತೆ. ರಿವ್ಯೂ ತಾನೇ ಬೇಕು, ಬರೆದೇ ಬಿಡೋಣ ಅಂತ ಕೂತಿದ್ದೇನೆ. ನನ್ನ ಲೆಕ್ಕದಲ್ಲಿ ಐದಕ್ಕೆ ಎರಡು. ಹೆಸರು ಹಾಕುವುದಿಲ್ಲ, ಯಾಕೆಂದರೆ ಇಂಥ ಅಂಗಡಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ.

ನಾನು ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಪರ್ಚೇಸ್ ನೋಡಿಕೊಳ್ಳುವವನು. ಹನ್ನೊಂದು ವರ್ಷ ಆಯ್ತು. ಕಾಸ್ಟಿಂಗ್ ಅಂದರೆ ಎರಕದ ಭಾಗಗಳು, ಫೋರ್ಜಿಂಗ್, ಹೊರಗೆ ಕೊಡುವ ಜಾಬ್ ವರ್ಕ್, ಇವೆಲ್ಲದರ ವೆಂಡರ್‌ಗಳ ಬೆನ್ನು ಬಿದ್ದು ಮಾಲು ತರಿಸುವುದು ಕೆಲಸ. ಲಿಂಕ್ಡ್‌ಇನ್ ಖಾತೆ ಇತ್ತು, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಎಲ್ಲರೂ ಮಾಡಿದರು ಅಂತ ಮಾಡಿದ್ದು. ಆಮೇಲೆ ಅತ್ತ ತಲೆ ಹಾಕಿದ್ದೇ ಅಪರೂಪ. ಕೆಲಸ ಬದಲಾಯಿಸೋಣ ಅನ್ನಿಸಿದಾಗ ನೋಡಿದರೆ ಒಬ್ಬ ರೆಕ್ರೂಟರ್ ಮೆಸೇಜೂ ಇಲ್ಲ, ಇದ್ದದ್ದೆಲ್ಲ ಇನ್ಶೂರೆನ್ಸ್ ಏಜೆಂಟರದ್ದು.

ಒಂದು ಶನಿವಾರ ಹಸಿರು ಲೈನ್ ಮೆಟ್ರೊ ಹತ್ತಿ ಜಯನಗರಕ್ಕೆ ಹೋದೆ. ಆಫೀಸು ಚೆನ್ನಾಗಿದೆ, ಎಸಿ ಇದೆ, ಕಾಫಿ ಕೊಟ್ಟರು. ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ಫೋಟೊ ತೆಗೆದ ಹುಡುಗ ಕೆಲಸ ಬಲ್ಲವನು. ನಾನು ಹಾಕಿಕೊಂಡಿದ್ದು ನಮ್ಮ ಅಕ್ಕನ ಮಗಳ ಮದುವೆಯ ಫೋಟೊ, ಅದರಲ್ಲಿ ಪಕ್ಕದವರ ಭುಜ ಅರ್ಧ ಕತ್ತರಿಸಿ ಉಳಿದಿತ್ತು. ಅವನು ಕಿಟಕಿ ಪಕ್ಕ ಕೂರಿಸಿ ಹತ್ತೇ ನಿಮಿಷದಲ್ಲಿ ಮನುಷ್ಯನ ಥರ ಕಾಣುವ ಹಾಗೆ ತೆಗೆದ. ಒಂದು ಸ್ಟಾರ್ ಪೂರ್ತಿ ಅವನದ್ದು.

ಆಮೇಲೆ ಪಾಸ್‌ವರ್ಡ್ ಕೇಳಿದರು, ಓಟಿಪಿ ಕೂಡ. ಕೊಟ್ಟೆ. ಇದು ನನ್ನ ತಪ್ಪು, ಅವರ ತಲೆಗೆ ಕಟ್ಟುವುದಿಲ್ಲ. ಖಾತೆಯನ್ನು ಬೇರೆಯವರಿಗೆ ಬಿಟ್ಟುಕೊಡಬಾರದು ಅಂತ ಲಿಂಕ್ಡ್‌ಇನ್ ನಿಯಮದಲ್ಲೇ ಇದೆ. ನೀವು ಕೊಡಬೇಡಿ. ಬರೆದದ್ದನ್ನು ಕಳಿಸಿ, ನಾನೇ ಅಂಟಿಸಿಕೊಳ್ಳುತ್ತೇನೆ ಅನ್ನಿ.

ಮೂರು ದಿನ ಬಿಟ್ಟು ಪ್ರೊಫೈಲ್ ತೆರೆದರೆ ನನಗೇ ನನ್ನ ಗುರುತು ಸಿಗಲಿಲ್ಲ. ಹೆಸರಿನ ಕೆಳಗೆ ಬರುವ ಹೆಡ್‌ಲೈನ್‌ನಲ್ಲಿ 220 ಅಕ್ಷರಕ್ಕೆ ಜಾಗ ಇದೆ, ಅಷ್ಟನ್ನೂ ತುಂಬಿದ್ದರು: ಡೈನಾಮಿಕ್ ಪ್ರೊಫೆಷನಲ್, ಸಪ್ಲೈ ಚೈನ್ ಇವ್ಯಾಂಜಲಿಸ್ಟ್, ಲೈಫ್‌ಲಾಂಗ್ ಲರ್ನರ್, ಇನ್ನೂ ಏನೇನೋ. ಪರ್ಚೇಸ್ ಅನ್ನುವ ಪದ ಮಾತ್ರ ಇಲ್ಲ! ನಮ್ಮ ಬಗ್ಗೆ ಬರೆದುಕೊಳ್ಳುವ ಅಬೌಟ್‌ನಲ್ಲಿ 2,600 ಅಕ್ಷರದ ಮಿತಿ, ಅದನ್ನೂ ಭರ್ತಿ ಮಾಡಿದ್ದರು. ಫೋನಿನಲ್ಲಿ ಮೊದಲ ಕೆಲವು ಸಾಲು ಬಿಟ್ಟರೆ ಉಳಿದದ್ದು ಮಡಚಿಕೊಂಡಿರುತ್ತದೆ, ಒತ್ತಿದರೆ ಮಾತ್ರ ಕಾಣುತ್ತದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲವೋ ಏನೋ, ಆ ಮೊದಲ ಸಾಲುಗಳಲ್ಲಿ ಬದಲಾವಣೆಯೇ ಜಗದ ನಿಯಮ ಅನ್ನುವ ಥರದ ಪ್ರವಚನ ಇತ್ತು. ಹಿಂದಿನ ಬ್ಯಾನರ್‌ನಲ್ಲಿ ಯಾವುದೋ ದೇಶದ ಗಾಜಿನ ಕಟ್ಟಡಗಳು. ನಾನು ಕೂರುವುದು ಪೀಣ್ಯ ಎರಡನೇ ಹಂತದಲ್ಲಿ ಕಣ್ರೀ, ಶೀಟಿನ ಕೆಳಗೆ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಫೋಟೊ ಸುತ್ತ ಓಪನ್ ಟು ವರ್ಕ್, ಅಂದರೆ ಕೆಲಸ ಹುಡುಕುತ್ತಿದ್ದೇನೆ ಅನ್ನುವ ಹಸಿರು ಪಟ್ಟಿ ಹಾಕಿಬಿಟ್ಟಿದ್ದರು, ನನ್ನನ್ನು ಕೇಳದೆ. ಮಾರನೇ ದಿನ ಟೀ ಟೈಮಲ್ಲಿ ನಮ್ಮ ಮ್ಯಾನೇಜರ್ ಲೋಟ ಹಿಡಿದು ಹತ್ತಿರ ಬಂದು, "ಏನ್ರೀ, ಹಸಿರು ಬಳೆ ತೊಟ್ಟಿದ್ದೀರಂತೆ, ಸೀಮಂತ ಯಾವಾಗ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಟೀ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಆ ಆಯ್ಕೆಯಲ್ಲಿ ಎರಡು ಬಗೆ ಇದೆ. ಎಲ್ಲರಿಗೂ ಕಾಣುವ ಹಾಗೆ ಇಟ್ಟರೆ ಹಸಿರು ಪಟ್ಟಿ ಬರುತ್ತದೆ. ರೆಕ್ರೂಟರ್‌ಗಳಿಗೆ ಮಾತ್ರ ಅಂತ ಇಟ್ಟರೆ ಪಟ್ಟಿ ಬರುವುದಿಲ್ಲ, ನಮ್ಮ ಕಂಪನಿಯ ರೆಕ್ರೂಟರ್‌ಗಳಿಂದ ಮರೆಮಾಡಲು ಲಿಂಕ್ಡ್‌ಇನ್ ನೋಡುತ್ತದೆ, ಪೂರ್ತಿ ಗ್ಯಾರಂಟಿ ಅಂತೂ ಕೊಡುವುದಿಲ್ಲ. ಕೆಲಸದಲ್ಲಿದ್ದುಕೊಂಡೇ ಹುಡುಕುವವನಿಗೆ ಎರಡನೆಯದೇ ಸರಿ ಅನ್ನುವುದು ದುಡ್ಡು ತಗೊಂಡವರಿಗೆ ಗೊತ್ತಿರಬೇಕಲ್ವಾ?

ಮಧ್ಯೆ ಒಂದು ಇಂಟರ್‌ವ್ಯೂ ಕೂಡ ಆಯ್ತು, ನಾನೇ ಅರ್ಜಿ ಹಾಕಿದ್ದು. ಎದುರಿಗಿದ್ದವರು ಪ್ರೊಫೈಲ್ ನೋಡುತ್ತಾ, "ಗ್ಲೋಬಲ್ ಸೋರ್ಸಿಂಗ್ ಅಂತ ಇದೆ, ಯಾವ ಯಾವ ದೇಶ?" ಅಂದರು. ಬೆಳಗಾವಿ, ಕೊಲ್ಲಾಪುರ, ರಾಜಕೋಟ್ ಅಂದೆ. ಅಲ್ಲಿನ ಫೌಂಡ್ರಿಗಳ ಬಗ್ಗೆ ಕೇಳಿದ್ದರೆ ಒಂದು ಗಂಟೆ ಮಾತಾಡುತ್ತಿದ್ದೆ, ಆದರೆ ಅವರು ಕೇಳಲಿಲ್ಲ.

ಕೊನೆಗೆ ಉಪಕಾರ ಮಾಡಿದವಳು ನನ್ನ ಹೆಂಡತಿಯ ತಂಗಿ. ಅವಳು ಹೈರಿಂಗ್‌ನಲ್ಲೇ ಇದ್ದಾಳೆ. ಹಬ್ಬಕ್ಕೆ ಮನೆಗೆ ಬಂದಾಗ ಪ್ರೊಫೈಲ್ ತೋರಿಸಿದೆ. ಅವಳು ಬ್ಯಾನರ್ ನೋಡಲಿಲ್ಲ, ಅಬೌಟ್ ಓದಲಿಲ್ಲ. "ಭಾವ, ನೀವು ಇನ್ನೂ ದಾವಣಗೆರೆಯಲ್ಲೇ ಇದ್ದೀರಾ?" ಅಂದಳು. ಲೊಕೇಶನ್ ಕಾಲೇಜಿನಲ್ಲಿ ಹಾಕಿದ್ದೇ ಇತ್ತು! 4,999 ತಗೊಂಡವರು ಅದನ್ನು ಮುಟ್ಟಿರಲಿಲ್ಲ. ರೆಕ್ರೂಟರ್ ಹುಡುಕುವಾಗ ಮೊದಲು ಊರು ಹಾಕುತ್ತಾರೆ, ಬೆಂಗಳೂರು ಅಂತ ಹಾಕಿದರೆ ನಾನು ಆ ಪಟ್ಟಿಯಲ್ಲೇ ಇರುವುದಿಲ್ಲ, ಇನ್ನು ಇವ್ಯಾಂಜಲಿಸ್ಟ್ ಆದರೆಷ್ಟು ಬಿಟ್ಟರೆಷ್ಟು.

ಎರಡನೆಯದು ಹುದ್ದೆಯ ಹೆಸರು. ನಮ್ಮ ಕಂಪನಿಯಲ್ಲಿ ನನ್ನನ್ನು ಕರೆಯುವುದು ಎಕ್ಸಿಕ್ಯೂಟಿವ್ ಎಂಎಂ (ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್) ಅಂತ, ನಾನೂ ಹಾಗೇ ಬರೆದಿದ್ದೆ. "ಎಂಎಂ ಅಂತ ಯಾರು ಭಾವ ಹುಡುಕ್ತಾರೆ?" ಅಂದಳು. ಅವಳಾದರೆ ವೆಂಡರ್ ಡೆವಲಪ್‌ಮೆಂಟ್, ಕಾಸ್ಟಿಂಗ್, ಎಸ್‌ಎಪಿ ಎಂಎಂ (ಇದು ಖರೀದಿ ಕೆಲಸದ ಸಾಫ್ಟ್‌ವೇರ್) ಅಂತ ಟೈಪ್ ಮಾಡುತ್ತಾಳಂತೆ, ಬಂದ ಸಾಲಿನಲ್ಲಿ ಫೋಟೊ, ಹೆಸರು, ಹೆಡ್‌ಲೈನ್, ಕಂಪನಿ, ಊರು ಇಷ್ಟನ್ನು ನೋಡಿ ಒತ್ತಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಾಳಂತೆ. ಹೆಡ್‌ಲೈನ್ ಹೀಗೆ ಬದಲಾಯಿತು: ಪರ್ಚೇಸ್ ಇಂಜಿನಿಯರ್, ವೆಂಡರ್ ಡೆವಲಪ್‌ಮೆಂಟ್, ಕಾಸ್ಟಿಂಗ್ ಮತ್ತು ಮಷೀನ್ಡ್ ಪಾರ್ಟ್ಸ್, ಎಸ್‌ಎಪಿ ಎಂಎಂ. ಓದಲು ದಿನಸಿ ಚೀಟಿ ಥರ ಇದೆ. ಇರಲಿ.

ಸ್ಕಿಲ್ಸ್‌ನಲ್ಲಿ ಲೀಡರ್‌ಶಿಪ್, ಮೈಕ್ರೋಸಾಫ್ಟ್ ವರ್ಡ್ ಅಂತೆಲ್ಲ ಸುರಿದಿದ್ದನ್ನು ತೆಗೆದೆವು. ಅಬೌಟ್ ಆರು ಸಾಲಿಗೆ ಇಳಿಯಿತು, ಮೊದಲ ಸಾಲಿನಲ್ಲೇ ಎಷ್ಟು ವರ್ಷ, ಯಾವ ಭಾಗಗಳು, ಎಷ್ಟು ವೆಂಡರ್‌ಗಳು ಅಂತ ಬಂತು. ಎಡಿಟ್ ಮಾಡುವ ಮೊದಲು ನೆಟ್‌ವರ್ಕ್‌ಗೆ ಸುದ್ದಿ ಹೋಗುವ ಬಟನ್ ಆಫ್ ಮಾಡಿಸಿದಳು. ಬಳೆ ಬಿಚ್ಚಿದೆವು, ಪಾಸ್‌ವರ್ಡ್ ಬದಲಾಯಿಸಿದೆವು. ಹೋಳಿಗೆ ತಿನ್ನುವ ಹೊತ್ತಿಗೆ ಎಲ್ಲ ಮುಗಿದಿತ್ತು. ನೌಕ್ರಿ ಅನ್ನುವ ಕೆಲಸ ಹುಡುಕುವ ಸೈಟಿನಲ್ಲೂ ಪ್ರೊಫೈಲ್ ಸರಿಮಾಡಿ ನೋಟಿಸ್ ಪೀರಿಯಡ್ ಹಾಕಿ ಅಂದಳು, ನಮ್ಮ ಲೈನಿನವರಿಗೆ ಅದನ್ನೂ ಬಿಡಬಾರದಂತೆ.

ಮೂರು ವಾರದಲ್ಲಿ ನಾಲ್ಕು ರೆಕ್ರೂಟರ್‌ಗಳ ಮೆಸೇಜ್ ಬಂತು. ಎರಡು ಸುಮ್ನೆ, ಒಂದರಲ್ಲಿ ಸಂಬಳ ಈಗಿನದಕ್ಕಿಂತ ಕಮ್ಮಿ, ಇನ್ನೊಂದು ಬೊಮ್ಮಸಂದ್ರದ ಕಂಪನಿ, ಎರಡನೇ ರೌಂಡ್ ಮುಂದಿನ ವಾರ. ದಾಸರಹಳ್ಳಿಯಿಂದ ಆರ್.ವಿ. ರೋಡ್‌ಗೆ ಹೋಗಿ ಹಳದಿ ಲೈನ್ ಹಿಡಿಯಬೇಕು. ದೂರ ಜಾಸ್ತಿಯೇ, ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಮೇಲಿನಿಂದ ನೋಡಿಕೊಂಡು ಹೋಗಬಹುದು.

ಅವರ ಎರಡನೇ ಸ್ಟಾರ್ ಯಾಕೆ ಅಂದರೆ, ಗಲಾಟೆ ಮಾಡಿದ ಮೇಲೆ ಅರ್ಧ ದುಡ್ಡು ವಾಪಸ್ ಮಾಡಿದರು. ಫೋಟೊ ಒಂದೇ ಬೇಕು ಅನ್ನುವವರು ಆ ಹುಡುಗನನ್ನು ಕೇಳಿಕೊಂಡು ಹೋಗಿ, ಪ್ಯಾಕೇಜ್ ತಗೋಬೇಡಿ. ಕವರ್ ಲೆಟರ್ ನನಗೆ ಬೇಡ ಅಂತ ನಾಲ್ಕನೇ ಸಲ ಫೋನ್ ಬಂದಾಗ ಹೇಳುತ್ತೇನೆ.