ಪಬ್ಲಿಕ್ ಗಾರ್ಡನ್ನಿನ ಹಕ್ಕಿಗಳಿಗೆ ಎಷ್ಟು ಉದ್ದದ ಲೆನ್ಸ್ ಬೇಕು?

ಹಕ್ಕಿ ಫೋಟೊ ಅಂದ ಕೂಡಲೇ ಎಲ್ಲರೂ ದೊಡ್ಡ ಲೆನ್ಸಿನ ಮಾತು ತೆಗೆಯುತ್ತಾರೆ. ಕಲಬುರಗಿಯ ಪಬ್ಲಿಕ್ ಗಾರ್ಡನ್ ಮಟ್ಟಿಗೆ ನಾನು ಇದನ್ನು ಒಪ್ಪುವುದಿಲ್ಲ. ಮಾರ್ಚಿನ ಒಂದು ಭಾನುವಾರ ಗೆಳೆಯರು ಸೇರಿ ಮೂರು ಬಗೆಯ ಕ್ಯಾಮೆರಾ ಹಿಡಿದು ಓಡಾಡಿದೆವು, ಕೈ ಬದಲಿಸುತ್ತಾ ತೆಗೆದೆವು.

ಒಂದು, 2000 ಎಂಎಂ ಲೆನ್ಸಿಗೆ ಸಮನಾಗಿ ಜೂಮ್ ಆಗುವ ಬ್ರಿಜ್ ಕ್ಯಾಮೆರಾ, ಅಂದರೆ ಲೆನ್ಸ್ ಬಿಚ್ಚಲಾಗದ್ದು (ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ತೂಕ ಒಂದು ಕಿಲೊ. ಇನ್ನೊಂದು, ಲೆನ್ಸ್ ಬದಲಿಸಬಹುದಾದ, 150-600 ಎಂಎಂ ಲೆನ್ಸ್ ಹಾಕಿದ ಡಿಎಸ್‌ಎಲ್‌ಆರ್. ಬರೀ ಲೆನ್ಸೇ ಎರಡು ಕಿಲೊ ಹತ್ತಿರ. ಮೂರನೆಯದು ಅಂಥದೇ ಇನ್ನೊಂದು ಡಿಎಸ್‌ಎಲ್‌ಆರ್‌ಗೆ ಹಾಕಿದ 70-300, ಬಹಳ ಜನ ಮೊದಲು ಕೊಳ್ಳುವ ಲೆನ್ಸ್.

ಬೆಳಗಿನ ಆರೂವರೆಗೆ ಬೇವಿನ ಮರದ ಕೆಳಗೆ ಬೆಳಕು ಬಹಳ ಕಡಿಮೆ. ಬ್ರಿಜ್ ಕ್ಯಾಮೆರಾ ಅಲ್ಲೇ ಸೋತಿತು. ಜೂಮ್ ಎಷ್ಟೇ ಇರಲಿ, ಅದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ, ತೀರಾ ಚಿಕ್ಕದು. ನಮ್ಮ ಡಿಎಸ್‌ಎಲ್‌ಆರ್ ಸೆನ್ಸರಿನ ವಿಸ್ತೀರ್ಣ ಅದಕ್ಕಿಂತ ಸುಮಾರು 13 ಪಟ್ಟು ಜಾಸ್ತಿ. ಐಎಸ್‌ಒ (ಬೆಳಕು ಕಡಿಮೆ ಇದ್ದಾಗ ಹೆಚ್ಚಿಸುವ ಸೆಟ್ಟಿಂಗ್) 3200ಕ್ಕೆ ಏರಿಸಿದಾಗ ಬ್ರಿಜ್‌ನಲ್ಲಿ ಮಡಿವಾಳ ಹಕ್ಕಿಯ ಕಪ್ಪು ಗರಿಯಲ್ಲಿ ಬರೀ ಕಾಳು ಕಾಳು. ಡಿಎಸ್‌ಎಲ್‌ಆರ್‌ನಲ್ಲಿ ಗರಿಯ ನೀಲಿ ಮಿಂಚೂ ಬಂತು.

70-300 ನನ್ನ ಮನಸ್ಸು ಗೆದ್ದದ್ದು ಒಂದು ಒಣಗಿದ ಕೊಂಬೆಯ ಎದುರು. ಕೆಂಪು ನೆತ್ತಿಯ ಪುಟ್ಟ ಕುಟ್ರ ಹಕ್ಕಿ ಕೊಂಬೆಯ ಅಡಿ ಮಗ್ಗುಲಲ್ಲಿ ಗೂಡು ಕೊರೆಯುತ್ತಿತ್ತು. ತಲೆ ಒಳಗೆ, ಬಾಲ ಹೊರಗೆ. ಸ್ವಲ್ಪ ಹೊತ್ತಿಗೊಮ್ಮೆ ಹಿಂದೆ ಸರಿದು ಬಾಯ್ತುಂಬ ಪುಡಿ ಉದುರಿಸಿ ಮತ್ತೆ ಒಳಗೆ ತೂರುತ್ತಿತ್ತು. ಕೊಕ್ಕಿನ ಬುಡದ ಮೀಸೆಗೂ ಮರದ ಪುಡಿ ಅಂಟಿತ್ತು! ಇದೆಲ್ಲ ಐದಾರು ಮೀಟರ್ ದೂರದಲ್ಲೇ. ದಿನಾ ವಾಕಿಂಗ್ ಬರುವವರನ್ನು ನೋಡಿ ನೋಡಿ ಇಲ್ಲಿನ ಹಕ್ಕಿಗಳಿಗೆ ಮನುಷ್ಯರು ರೂಢಿಯಾಗಿದ್ದಾರೆ. ಅಂಥ ಕಡೆ 300 ಎಂಎಂ ಧಾರಾಳ ಸಾಕು. ಕೈಯೂ ನೋಯಲಿಲ್ಲ, ಹಾಗಾಗಿ ಹಕ್ಕಿ ಹೊರಗೆ ಬರುವ ಗಳಿಗೆಗೆ ಕಾಯುತ್ತಾ ನಿಲ್ಲಲು ಆಯಿತು. ದೊಡ್ಡ ಲೆನ್ಸ್ ಹಿಡಿದ ಗೆಳೆಯ ಅಷ್ಟರಲ್ಲಿ ತೋಳು ಇಳಿಬಿಟ್ಟಿದ್ದ.

ಆಮೇಲೆ ಅಪ್ಪನ ಕೆರೆಗೆ ಹೋದೆವು. ಪಶ್ಚಿಮಕ್ಕೆ ಇನ್ನೂ ಚಂದ್ರ ಇದ್ದ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು, ‘ತಮ್ಮಾ, ಇದ್ರಾಗ ಚಂದ್ರ ಕಾಣ್ತಾನೇನು?’ ಅಂದರು. ‘ನೋಡ್ರಿ ಕಾಕಾ’ ಅಂತ ಬ್ರಿಜ್ ಕ್ಯಾಮೆರಾ ಕೊಟ್ಟೆವು. ಚಂದ್ರನ ಮೇಲಿನ ಕುಳಿಗಳು ಸ್ಕ್ರೀನಿನ ತುಂಬ! ಆ ಕಡೆ ದಡದಲ್ಲಿ ಕೂತ ನೀರುಕಾಗೆಯನ್ನೂ ಅದೊಂದೇ ಹತ್ತಿರ ತಂದಿತು. ಆದರೆ ನಮ್ಮೂರ ಬಿಸಿಲು ಗೊತ್ತಲ್ವಾ? ಒಂಬತ್ತರ ಹೊತ್ತಿಗೆ ಗಾಳಿ ಕುದಿಯುವ ನೀರಿನಂತೆ ಅಲುಗತೊಡಗುತ್ತದೆ. ದೂರದ ಹಕ್ಕಿಯ ಅಂಚೆಲ್ಲ ಕದಡಿ ಹೋಗುತ್ತದೆ. ಅದಕ್ಕೆ ಯಾವ ಲೆನ್ಸಿನಲ್ಲೂ ಮದ್ದಿಲ್ಲ, ಜೂಮ್ ಹೆಚ್ಚಿದಷ್ಟೂ ಎದ್ದು ಕಾಣುತ್ತದೆ ಅಷ್ಟೇ.

ಹಾರಾಟಕ್ಕೆ ಮಾತ್ರ 150-600. ಕಪ್ಪುಬಿಳುಪು ಮಿಂಚುಳ್ಳಿ ನೀರಿನ ಮೇಲೆ ರೆಕ್ಕೆ ಬಡಿಯುತ್ತಾ ನಿಂತಲ್ಲೇ ನಿಂತು, ಸರ್ರನೆ ಕೆಳಗೆ ಬೀಳುವಾಗ ಅದೊಂದೇ ಹಿಡಿಯಿತು. ಬ್ರಿಜ್‌ನಲ್ಲಿ ಹಕ್ಕಿಯನ್ನು ಹುಡುಕುವುದರಲ್ಲೇ ಅದು ಮೀನು ಹಿಡಿದು ಹೋಗಿತ್ತು.

ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ: ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, 70-300. ಹಕ್ಕಿ ಯಾವುದು ಅಂತ ಗುರುತಿಸಿದರೆ ಸಾಕು ಅನ್ನುವವರಿಗೆ, ಭಾರ ಹೊರಲಾಗದವರಿಗೆ ಬ್ರಿಜ್ ಕ್ಯಾಮೆರಾ ಒಳ್ಳೆಯದೇ. 150-600 ಸುಮ್ನೆ ಗಾರ್ಡನ್ನಿಗೆ ಅಂತ ಕೊಳ್ಳಬೇಡಿ. ಚಳಿಗಾಲಕ್ಕೆ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅಲ್ಲಿ ನೀರು ವಿಶಾಲ, ಹಕ್ಕಿ ದೂರ. ಆಗ ಒಂದೆರಡು ದಿನಕ್ಕೆ ಬಾಡಿಗೆಗೆ ತನ್ನಿ.