ಚಾರ್ಟರ್ ಶಾಲೆ ಸಿಕ್ಕಿತು ಅಂತ ಮನೆ ಪಕ್ಕದ ಶಾಲೆಯ ಸೀಟು ಬಿಡಬೇಡಿ

ಶಾಲೆ ಸೀಟಿನ ಲಾಟರಿ ಫಾರ್ಮ್ ತುಂಬುವ ಕಾಲ ಮತ್ತೆ ಬಂದಿದೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ನಮ್ಮ ಕನ್ನಡದವರ ಮನೆಗಳಲ್ಲಿ ಈಗ ಇದೇ ಮಾತು. ಯಾವ ಚಾರ್ಟರ್ ಶಾಲೆ ಚೆನ್ನಾಗಿದೆ, ಎಷ್ಟಕ್ಕೆ ಅರ್ಜಿ ಹಾಕೋಣ, ನಿಮ್ಮ ಮಗನಿಗೆ ಹೇಗೆ ಸಿಕ್ಕಿತು. ಹೋದ ವರ್ಷ ಇದೇ ಹೊತ್ತಿಗೆ ಈ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುತ್ತಿದ್ದವಳು ನಾನು. ಈಗ ಅದನ್ನು ನೆನೆದರೆ ನಾಚಿಕೆ ಆಗುತ್ತದೆ. ಸಿಟ್ಟು ಇನ್ನೂ ಜಾಸ್ತಿ. ಆರು ತಿಂಗಳಾದರೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶಾಲೆಯ ಹೆಸರು ಬರೆಯುವುದಿಲ್ಲ. ಮಗನಿಗೆ ಅಲ್ಲಿ ಪಾಠ ಹೇಳಿದ ಟೀಚರ್ ತುಂಬಾ ಒಳ್ಳೆಯವರು, ಅವರಿಗೆ ತೊಂದರೆ ಆಗುವುದು ಬೇಡ.

ಊರಲ್ಲಿ ಕೂತು ಓದುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಚಾರ್ಟರ್ ಅಂದರೆ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆ, ಆದರೆ ನಡೆಸುವವರು ಬೇರೆ ಒಂದು ಬೋರ್ಡ್‌ನವರು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಾನೂನು ಬಂದದ್ದು 1992ರಲ್ಲಿ. ಫೀಸು ತೆಗೆದುಕೊಳ್ಳುವ ಹಾಗಿಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಎಲ್ಲರೆದುರು ಲಾಟರಿ ಎತ್ತಬೇಕು. ಫೀಸು ಇಲ್ಲ, ಡೊನೇಷನ್ ಇಲ್ಲ, ಇಂಟರ್ವ್ಯೂ ಇಲ್ಲ. ತುಮಕೂರಿನಲ್ಲಿ ನನ್ನ ಅಕ್ಕ ಎಲ್‌ಕೆಜಿ ಸೀಟಿಗೆ ಪಟ್ಟ ಪಾಡು ನೋಡಿದವಳು ನಾನು. ನನಗೆ ಇದು ದೇವರು ಕೊಟ್ಟ ವರ ಅನಿಸಿತ್ತು.

ನಾವು ಸುಮ್ನೆ ಹೋಗಿ ಬಿದ್ದವರಲ್ಲ, ಇದನ್ನು ಹೇಳಲೇಬೇಕು. ಮೂರು ಚಾರ್ಟರ್ ಶಾಲೆ ನೋಡಿದೆವು. ಮನೆಯಿಂದ ಏಳು ನಿಮಿಷ ನಡೆದರೆ ಸಿಗುವ ಡಿಸ್ಟ್ರಿಕ್ಟ್ ಶಾಲೆಯನ್ನೂ ನೋಡಿದೆವು. ಡಿಸ್ಟ್ರಿಕ್ಟ್ ಅಂದರೆ ಇಲ್ಲಿಯ ಮಾಮೂಲಿ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ. ನಮ್ಮ ಮನೆಯವರು ದೊಡ್ಡ ಶೀಟ್ ಮಾಡಿದ್ದರು. ಪರೀಕ್ಷೆ ಅಂಕ, ಟೀಚರ್‌ಗಳು ಎಷ್ಟು ವರ್ಷದಿಂದ ಇದ್ದಾರೆ, ಆಟದ ಮೈದಾನ, ಸಂಗೀತ, ಶಾಲೆ ಮುಗಿದ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಎಲ್ಲ. ಅಂಕ ನೋಡಿ ನೋಡಿ ರಾತ್ರಿ ನಿದ್ದೆ ಕೆಟ್ಟಿದ್ದೇವೆ. ರಾಜ್ಯದ ಪರೀಕ್ಷೆ ಶುರುವಾಗುವುದೇ 3ನೇ ತರಗತಿಯಿಂದ. ಐದು ವರ್ಷದ ಮಗುವಿನ ಕ್ಲಾಸು ಹೇಗಿರುತ್ತದೆ ಅಂತ ಆ ಅಂಕ ಏನು ಹೇಳುತ್ತದೆ? ಆಗ ಹೊಳೆಯಲೇ ಇಲ್ಲ.

ನಾವು ಒಪ್ಪಿದ ಶಾಲೆ ಕಾರಿನಲ್ಲಿ ಹತ್ತು ನಿಮಿಷ. ದೊಡ್ಡ ಓಕ್ ಮರದ ಕೆಳಗೆ ಕಿಂಡರ್‌ಗಾರ್ಟನ್ (1ನೇ ತರಗತಿಗೆ ಮೊದಲಿನ ವರ್ಷ) ಕೋಣೆಗಳು. ಹೊರಗೆ ಮಕ್ಕಳೇ ಬೆಳೆದ ಟೊಮೆಟೊ ಗಿಡ. ತೋರಿಸಿದವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನಿಮ್ಮ ಮಗ ಆಗಸ್ಟ್‌ನಲ್ಲಿ ಇಲ್ಲೇ ಕೂರುತ್ತಾನೆ." ಇಲ್ಲೇ ಅಂದರು. ಕೈ ಮಾಡಿ ತೋರಿಸಿ ಅಂದರು.

ಮಾರ್ಚ್‌ನಲ್ಲಿ ಲಾಟರಿಯಲ್ಲಿ ಹೆಸರು ಬಂತು. ಅವತ್ತು ಮನೆಯಲ್ಲಿ ಪಾಯಸ ಮಾಡಿದ್ದೆ. ಐದು ದಿನದೊಳಗೆ ಸೀಟು ಖಚಿತ ಮಾಡಿ, ಬೇರೆ ಶಾಲೆಯಲ್ಲಿ ಹೆಸರು ಇಟ್ಟುಕೊಂಡಿಲ್ಲ ಅಂತ ಸಹಿ ಹಾಕಿ ಅಂದರು. ಫೆಬ್ರವರಿಯಲ್ಲೇ ನಾವು ಮನೆ ಪಕ್ಕದ ಶಾಲೆಗೆ ಹೆಸರು ಕೊಟ್ಟಾಗಿತ್ತು. ನಾನೇ ಹೋಗಿ ಅದನ್ನು ರದ್ದು ಮಾಡಿಸಿದೆ. ಕೌಂಟರ್‌ನಲ್ಲಿದ್ದ ಹೆಂಗಸು "ಖಂಡಿತಾನಾ?" ಅಂತ ಎರಡು ಸಲ ಕೇಳಿದರು. ಎರಡು ಸಲವೂ ಹೌದು ಅಂದೆ.

ಇನ್ನೊಂದು ಕೆಲಸ ಮಾಡಿದೆ. ಯುಗಾದಿ ಊಟಕ್ಕೆ ಸೇರಿದ್ದಾಗ ನಮ್ಮ ಪರಿಚಯದ ಇನ್ನೊಂದು ಮನೆಯವರಿಗೆ ಈ ಶಾಲೆಯ ಬಗ್ಗೆ ಹೇಳಿ ಹೇಳಿ ಒಪ್ಪಿಸಿದೆ. ಅವರ ಮಗಳು ವೇಟ್‌ಲಿಸ್ಟ್‌ನಲ್ಲಿದ್ದಳು. ಕರೆ ಬಂದಾಗ ಹೋಗೋದೋ ಬೇಡವೋ ಅಂತ ಯೋಚಿಸುತ್ತಿದ್ದರು. ಹೋಗಿ ಅಂತ ಹೇಳಿದ್ದು ನಾನು.

ಮೇ ಕೊನೆಯಲ್ಲಿ ಹೊಸ ಮಕ್ಕಳಿಗೆ ಅಂತ ಒಂದು ಸಂಜೆ ಕರೆದರು. ಅದೇ ಕ್ಯಾಂಪಸ್, ಅದೇ ಓಕ್ ಮರ. ಮಗ ತನ್ನ ಕುರ್ಚಿ ಯಾವುದು ಅಂತ ಆರಿಸಿ ಬಂದ.

ಆಗಸ್ಟ್ 4, ಸೋಮವಾರ, ರಾತ್ರಿ ಒಂಬತ್ತೂವರೆಗೆ ಮೇಲ್ ಬಂತು. ಶಾಲೆ ಶುರುವಾಗಲು ಹತ್ತು ದಿನ ಇತ್ತು. ತಲೆಬರಹ "ಸಂತೋಷದ ಸುದ್ದಿ: ನಮ್ಮ ಹೊಸ ಮನೆ". ಶಾಲೆ ಬೇರೆ ಜಾಗಕ್ಕೆ ಹೋಗುತ್ತಿದೆಯಂತೆ. ವಿಳಾಸ ಹಾಕಿ ನೋಡಿದೆ. 9 ಮೈಲಿ. ಬೆಳಗ್ಗೆ 880 ಫ್ರೀವೇಯಲ್ಲಿ 9 ಮೈಲಿ ಅಂದರೆ ಏನು ಅಂತ ಇಲ್ಲಿರುವವರಿಗೆ ಗೊತ್ತು. ಮೊದಲ ದಿನ ನಲವತ್ತೆಂಟು ನಿಮಿಷ ಹಿಡಿಯಿತು. ಬಸ್ಸಿಲ್ಲ.

ಮಾರನೇ ದಿನ ಎಂಟು ಗಂಟೆಗೇ ಫೋನ್ ಮಾಡಿದೆ. ಆಫೀಸಿನವರು "ಎಲ್ಲ ಪೋಷಕರಿಗೂ ಒಟ್ಟಿಗೇ ತಿಳಿಸಿದ್ದೇವೆ" ಅಂದರು. ನಾನು ಕೇಳಿದ್ದು ಅದಲ್ಲ. ನಿಮಗೆ ಯಾವಾಗ ಗೊತ್ತಾಯಿತು ಅಂತ ಕೇಳಿದೆ. "ಅದು ಮ್ಯಾನೇಜ್‌ಮೆಂಟ್‌ಗೆ ಗೊತ್ತು." ಮೇಲ್ ಹಾಕಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ನಿಮ್ಮ ತಾಳ್ಮೆಗೆ ಧನ್ಯವಾದ, ಸೇರಿಸುವಾಗ ನೀವು ಸಹಿ ಹಾಕಿದ ಕಾಗದದ 14ನೇ ಪುಟದಲ್ಲಿ ಸ್ಥಳ ಬದಲಾಗಬಹುದು ಅಂತ ಇದೆ, ಪಕ್ಕದಲ್ಲಿ ನಿಮ್ಮ ಇನಿಷಿಯಲ್ ಇದೆ. ಪುಟದ ಫೋಟೊ ಕೂಡ ಕಳಿಸಿದ್ದರು. ಹೌದು, ನನ್ನದೇ ಕೈಬರಹ. ಆನ್‌ಲೈನ್‌ನಲ್ಲಿ ಕೂಡ ಅಲ್ಲ, ಪೆನ್ನಿನಲ್ಲಿ ಹಾಕಿದ್ದು.

ಇಷ್ಟೇ ಆಗಿದ್ದರೆ ನಮ್ಮ ಹಣೆಬರಹ ಅಂತ ಸುಮ್ಮನಾಗುತ್ತಿದ್ದೆ. ಅವರು ಹೇಗೆ ಮುಚ್ಚಿಟ್ಟರು ಅಂತ ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2000ದಲ್ಲಿ ಜನ ಮತ ಹಾಕಿ ತಂದ ಪ್ರೊಪೊಸಿಷನ್ 39 ಅಂತ ಇದೆ. ಅದರ ಪ್ರಕಾರ ಡಿಸ್ಟ್ರಿಕ್ಟ್ ತನ್ನ ಕಟ್ಟಡಗಳಲ್ಲಿ ಚಾರ್ಟರ್ ಶಾಲೆಗೆ ಜಾಗ ಕೊಡಬೇಕು. ಆದರೆ ಆ ಜಾಗಕ್ಕೆ ವರ್ಷ ವರ್ಷ ಅರ್ಜಿ ಹಾಕಬೇಕು. ಡಿಸ್ಟ್ರಿಕ್ಟ್ ಏಪ್ರಿಲ್ 1ರೊಳಗೆ ಯಾವ ಜಾಗ ಅಂತ ಕೊನೆಯದಾಗಿ ಹೇಳುತ್ತದೆ, ಶಾಲೆ ಮೇ 1ರೊಳಗೆ ಉತ್ತರ ಕೊಡಬೇಕು. ನಮ್ಮ ಶಾಲೆ ಇದ್ದದ್ದು ಅಂಥ ಕಟ್ಟಡದಲ್ಲಿ. ಇದನ್ನು ಆ ಶಾಲೆಯಲ್ಲಿ ಯಾರೂ ನಮಗೆ ಹೇಳಿರಲಿಲ್ಲ. ನಾವೂ ಕೇಳಲಿಲ್ಲ. ಸರ್ಕಾರಿ ಶಾಲೆ ಅಂದರೆ ಇದ್ದ ಕಡೆ ಇರುತ್ತದೆ ಅಂತ ನನ್ನ ತಲೆಯಲ್ಲಿ. ನಾನು ಓದಿದ ಶಾಲೆ ಈಗಲೂ ಅಲ್ಲೇ ಇದೆ.

ಚಾರ್ಟರ್ ಶಾಲೆಯ ಬೋರ್ಡ್ ಮೀಟಿಂಗ್ ಸಾರ್ವಜನಿಕರಿಗೆ ತೆರೆದಿರಬೇಕು, ಅಜೆಂಡಾ 72 ಗಂಟೆ ಮೊದಲು ಹಾಕಬೇಕು ಅಂತ ನಿಯಮ ಇದೆ. ಹಳೆಯ ಮೀಟಿಂಗ್‌ಗಳ ನಡಾವಳಿ ವೆಬ್‌ಸೈಟಿನ ಮೂಲೆಯಲ್ಲಿತ್ತು. ರಾತ್ರಿ ಕೂತು ಒಂದೊಂದೇ ತೆಗೆದೆ. ಏಪ್ರಿಲ್ ಕೊನೆಯ ಮೀಟಿಂಗ್‌ನಲ್ಲಿ ಸಿಕ್ಕಿತು. ಹೊಸ ಜಾಗಕ್ಕೆ ಒಪ್ಪಿಗೆ ಕೊಟ್ಟಾಗಿದೆ. ಏಪ್ರಿಲ್! ಮೇ ಕೊನೆಯಲ್ಲಿ ನಮ್ಮನ್ನು ಹಳೆ ಕ್ಯಾಂಪಸ್ಸಿಗೆ ಕರೆದು ನನ್ನ ಮಗನ ಕೈಯಲ್ಲಿ ಕುರ್ಚಿ ಆರಿಸಿದ್ದಾರೆ. ಆ ಕೋಣೆಯಲ್ಲಿ ಅವನು ಒಂದು ದಿನವೂ ಕೂರುವುದಿಲ್ಲ ಅಂತ ಅವತ್ತೇ ಅವರಿಗೆ ಗೊತ್ತಿತ್ತು. ಒಂದು ತಿಂಗಳಿಂದ ಗೊತ್ತಿತ್ತು. ಆ ಸಾಲು ಓದಿದಾಗ ಮೈಯೆಲ್ಲ ಉರಿದುಹೋಯಿತು. ಮನೆಯವರನ್ನು ಎಬ್ಬಿಸಿ ತೋರಿಸಿದೆ. ಅವರು ಓದಿ ಏನೂ ಮಾತಾಡಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿಟ್ಟರು.

ಪ್ರಿನ್ಸಿಪಾಲರನ್ನು ನೇರವಾಗಿ ಭೇಟಿ ಮಾಡಿ ಕೇಳಿದೆ. ಏಪ್ರಿಲ್‌ನಲ್ಲೇ ಗೊತ್ತಿದ್ದರೆ ಮೇನಲ್ಲಿ ಯಾಕೆ ಹೇಳಲಿಲ್ಲ? ಉತ್ತರ ಇದು. "ಮೀಟಿಂಗ್ ಎಲ್ಲರಿಗೂ ತೆರೆದಿತ್ತು. ಅಜೆಂಡಾ ಹಾಕಿದ್ದೆವು. ಯಾವ ಪೋಷಕರೂ ಬರಲಿಲ್ಲ." ನಾವು ಹೊಸಬರು, ಮಗು ಇನ್ನೂ ಶಾಲೆಗೇ ಬಂದಿಲ್ಲ, ನಮಗೆ ಹೇಗೆ ಗೊತ್ತಾಗಬೇಕು ಅಂದೆ. ನಗುನಗುತ್ತಲೇ ಅಂದರು: "ಕ್ಯಾಲಿಫೋರ್ನಿಯಾದಲ್ಲಿ ಕಿಂಡರ್‌ಗಾರ್ಟನ್ ಕಡ್ಡಾಯ ಅಲ್ಲ. ನಿಮ್ಮ ಕುಟುಂಬಕ್ಕೆ ಹೊಂದುವುದಿಲ್ಲ ಅಂದರೆ ನಮಗೆ ಅರ್ಥವಾಗುತ್ತದೆ." ಕಡ್ಡಾಯ ಅಲ್ಲ ಅನ್ನುವುದು ನಿಜ. ಇಲ್ಲಿ ಶಾಲೆ ಕಡ್ಡಾಯ ಆಗುವುದು ಆರು ವರ್ಷಕ್ಕೆ. ಅದನ್ನು ಆಗಸ್ಟ್‌ನಲ್ಲಿ, ಇದ್ದ ಸೀಟೂ ಬಿಟ್ಟುಕೊಂಡು ನಿಂತ ತಾಯಿಗೆ ಹೇಳುವುದಾ?

ಮನೆ ಪಕ್ಕದ ಶಾಲೆಗೆ ಓಡಿದೆ. ಅದೇ ಕೌಂಟರ್, ಅದೇ ಹೆಂಗಸು. ಗುರುತು ಹಿಡಿದರು. ಕಿಂಡರ್‌ಗಾರ್ಟನ್ ತುಂಬಿಹೋಗಿದೆ ಅಂದರು. ನಮ್ಮ ವಿಳಾಸ ಅದೇ ಶಾಲೆಯ ಗಡಿಯೊಳಗಿದ್ದರೂ ಜಾಗ ಇಲ್ಲದಿದ್ದರೆ ಡಿಸ್ಟ್ರಿಕ್ಟ್ ತನ್ನ ಬೇರೆ ಶಾಲೆಗೆ ಕಳಿಸುತ್ತದೆ. ಅದೂ ತಕ್ಷಣ ಹೇಳಲು ಆಗುವುದಿಲ್ಲ, ಕಾಯಬೇಕು. ಫೆಬ್ರವರಿಯಲ್ಲಿ ನಮ್ಮ ಕೈಯಲ್ಲಿದ್ದ ಸೀಟು ಅದು.

ಆರು ವಾರ ಆ ಹೊಸ ಜಾಗಕ್ಕೆ ಓಡಾಡಿದೆವು. ಬೆಳಗ್ಗೆ 7 ಗಂಟೆಗೆ ಮಗನನ್ನು ಕಾರ್ ಸೀಟಿಗೆ ಕಟ್ಟಿ ಕೂರಿಸುತ್ತಿದ್ದೆ, ಅರ್ಧ ನಿದ್ದೆಯಲ್ಲಿ ಇರುತ್ತಿದ್ದ. ಸಂಜೆ ವಾಪಸು ಬರುವಾಗ ಪಕ್ಕದ ಮನೆ ಮಕ್ಕಳು ಅಷ್ಟು ಹೊತ್ತಿಗೆ ಆಟ ಮುಗಿಸಿ ಒಳಗೆ ಹೋಗಿರುತ್ತಿದ್ದರು. "ಅವರ ಶಾಲೆ ಯಾಕೆ ಹತ್ತಿರ ಇದೆ ಅಮ್ಮಾ?" ಅಂತ ಕೇಳಿದ ಒಂದು ದಿನ.

ದುಡ್ಡಿನ ವಿಷಯ ಬೇರೆ. ಫೀಸು ಇಲ್ಲ ಅಂದೆನಲ್ಲ, ಅದು ನಿಜ. ಆದರೆ ಒಂದು ಮಗುವಿಗೆ ವರ್ಷಕ್ಕೆ 1,200 ಡಾಲರ್ "ಸೂಚಿಸಿದ ಕೊಡುಗೆ". ಕೊಡಲೇಬೇಕು ಅಂತ ಎಲ್ಲೂ ಬರೆದಿಲ್ಲ. ವಾರಕ್ಕೆ ಎರಡು ಮೇಲ್ ಮಾತ್ರ ತಪ್ಪುವುದಿಲ್ಲ. ಜೊತೆಗೆ ವರ್ಷಕ್ಕೆ 30 ಗಂಟೆ ಪೋಷಕರು ಕೆಲಸ ಮಾಡಿಕೊಡಬೇಕು. ಪೋಷಕರ ದುಡಿಮೆಯನ್ನು ಪ್ರವೇಶಕ್ಕಾಗಲೀ ಮುಂದುವರಿಯುವುದಕ್ಕಾಗಲೀ ಷರತ್ತು ಮಾಡುವ ಹಾಗಿಲ್ಲ, ಅದನ್ನು ಪೋಷಕರಿಗೆ ತಿಳಿಸಬೇಕು ಅಂತ ಇಲ್ಲಿಯ ಕಾನೂನೇ ಹೇಳುತ್ತದೆ. ನಮ್ಮ ಫಾರ್ಮಿನಲ್ಲಿ ಅದು ಕೊನೆಯ ಪುಟದ ಕೆಳಗಿತ್ತು.

ಹೊಸ ಕ್ಯಾಂಪಸ್ಸಿನ ಬಾಗಿಲ ಹತ್ತಿರ ಗೋಡೆಗೆ ದೊಡ್ಡ ಕಾಗದದ ಮರ ಅಂಟಿಸಿದ್ದರು. ಕಂದು ಕಾಗದದ ಕಾಂಡ, ಹಸಿರು ಎಲೆಗಳು, ಒಂದೊಂದು ಎಲೆ ಮೇಲೆ ಒಂದೊಂದು ಮನೆಯವರ ಹೆಸರು. "ನಮ್ಮ ಕುಟುಂಬದ ಮರ" ಅಂತ ಮೇಲೆ ಬರೆದಿತ್ತು. ಮಗ ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದ. ಎಲೆಗಳ ಮೇಲೆ ಬೆರಳಿಟ್ಟುಕೊಂಡು ಕೆಳಗಿನಿಂದ ಅವನ ಕೈಗೆ ಎಟುಕುವವರೆಗೆ ಹುಡುಕಿದ. ಮೇಲಿನದು ಓದು ಅಂತ ನನ್ನನ್ನು ಕೇಳಿದ. ನಮ್ಮ ಹೆಸರು ಇರಲಿಲ್ಲ. ಆಫೀಸಿನಲ್ಲಿ ವಿಚಾರಿಸಿದರೆ, ಕೊಡುಗೆ ಕೊಟ್ಟವರದು ಮಾತ್ರ ಹಾಕುತ್ತೇವೆ ಅಂದರು. ಐದು ವರ್ಷದ ಮಗುವಿನ ಕಣ್ಣೆತ್ತರದಲ್ಲಿ!

ಆ ರಾತ್ರಿ ಕಾರ್ಡ್ ತೆಗೆದು 300 ಡಾಲರ್ ಕಟ್ಟಿದೆ. ಇಷ್ಟೆಲ್ಲ ಜಗಳ ಆಡಿ ಆಮೇಲೂ ಕಟ್ಟಿದೆ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಎರಡು ದಿನಕ್ಕೆ ಎಲೆ ಬಂತು. ಜಾಸ್ತಿ ಕೊಟ್ಟವರ ಎಲೆಗಿಂತ ಚಿಕ್ಕದು.

ಇನ್ನೊಂದು ಮನೆಯವರ ವಿಷಯ. ಅವರಿಗೆ ಒಂದೇ ಕಾರು, ಇಬ್ಬರಿಗೂ ಕೆಲಸ. ಆ ಮಗುವಿನ ತಾಯಿ ಮೂರು ವಾರ ಆಫೀಸಿಗೆ ತಡವಾಗಿ ಹೋಗಿ ಮೇಲಿನವರಿಂದ ಮಾತು ಕೇಳಿಸಿಕೊಂಡಳು. ನಾನು ಫೋನ್ ಮಾಡಿ ತಪ್ಪಾಯಿತು ಅಂದೆ. ಅವಳು ಬೈಯಲಿಲ್ಲ. "ಅಕ್ಕ, ನೀವು ವಿಚಾರಿಸಿದ್ದೀರಿ ಅಂತ ನಾವು ವಿಚಾರಿಸಲಿಲ್ಲ" ಅಂದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಶಾಲೆಗೆ ಅನುಮತಿ ಕೊಟ್ಟ ಡಿಸ್ಟ್ರಿಕ್ಟ್‌ಗೂ ದೂರು ಬರೆದೆ. ಪೋಷಕರಿಗೆ ಯಾವಾಗ ತಿಳಿಸಬೇಕು ಅನ್ನುವುದು ಶಾಲೆಯ ಬೋರ್ಡಿಗೆ ಬಿಟ್ಟದ್ದು ಅಂತ ಉತ್ತರ ಬಂತು. ಬೋರ್ಡಿಗೆ ಬರೆದೆ. ನಿಮ್ಮ ಅನಿಸಿಕೆಯನ್ನು ಗಮನಿಸಿದ್ದೇವೆ ಅಂತ ಉತ್ತರ ಬಂತು. ಅಲ್ಲಿಗೆ ಮುಗಿಯಿತು.

ಎಲ್ಲ ಚಾರ್ಟರ್ ಶಾಲೆಗಳೂ ಹೀಗೇ ಅಂತ ನಾನು ಹೇಳುತ್ತಿಲ್ಲ. ನಾವು ನೋಡಿದ ಇನ್ನೆರಡರಲ್ಲಿ ಒಂದಕ್ಕೆ ಸ್ವಂತ ಕಟ್ಟಡ ಇದೆ, ಅಲ್ಲಿ ಓದುವ ಮಕ್ಕಳ ತಂದೆತಾಯಿ ಚೆನ್ನಾಗಿದೆ ಅನ್ನುತ್ತಾರೆ. ನೀವು ಹೋಲಿಸಿ ನೋಡುವಾಗ ಅಂಕ ಆಮೇಲೆ ನೋಡಿ. ಮೊದಲು ಕಟ್ಟಡ ಯಾರದು, ಮುಂದಿನ ವರ್ಷಕ್ಕೆ ಒಪ್ಪಂದ ಆಗಿದೆಯಾ ಅಂತ ಕೇಳಿ, ಬರವಣಿಗೆಯಲ್ಲಿ ಕೇಳಿ. ಬಾಯಿಮಾತು ನಂಬಬೇಡಿ, ನಗುಮುಖ ನಂಬಬೇಡಿ. ಬೋರ್ಡ್ ನಡಾವಳಿ ಫೆಬ್ರವರಿಯಿಂದ ಮೇವರೆಗೆ ಪ್ರತಿಯೊಂದನ್ನೂ ಓದಿ. ಹಾಕುವ ಪ್ರತಿ ಸಹಿಯ ಮೊದಲು ಆ ಪುಟ ಓದಿ. ಮನೆ ಪಕ್ಕದ ಶಾಲೆಯ ಸೀಟನ್ನು ಮಾತ್ರ ಯಾರು ಎಷ್ಟೇ ಅವಸರ ಮಾಡಿದರೂ ಆ ಗಡಿಬಿಡಿಯಲ್ಲಿ ಬಿಡಬೇಡಿ. ಬಿಡಲೇಬೇಕು ಅಂದರೆ ಮೊದಲು ಡಿಸ್ಟ್ರಿಕ್ಟ್ ಆಫೀಸಿನಲ್ಲಿ ಕೇಳಿ, ವಾಪಸು ಬಂದರೆ ಜಾಗ ಸಿಗುತ್ತದಾ ಅಂತ.

ಮಗ ಈಗ ಡಿಸ್ಟ್ರಿಕ್ಟ್‌ನವರು ಕೊಟ್ಟ ಬೇರೆ ಶಾಲೆಯಲ್ಲಿದ್ದಾನೆ, ನಾಲ್ಕು ಮೈಲಿ ದೂರ. ಪಕ್ಕದ ಶಾಲೆಗೆ ಬದಲಾಯಿಸಿಕೊಡಿ ಅಂತ ಹೆಸರು ಬರೆಸಿದ್ದೇವೆ. ಮಗಳಿಗೆ ಬರುವ ಸೆಪ್ಟೆಂಬರ್ 1ರೊಳಗೆ ನಾಲ್ಕು ತುಂಬುತ್ತದೆ. ಅಷ್ಟು ತುಂಬಿದ ಮಕ್ಕಳಿಗೆಲ್ಲ 2025-26ರಿಂದ ಡಿಸ್ಟ್ರಿಕ್ಟ್ ಶಾಲೆಗಳಲ್ಲಿ ಟಿಕೆ, ಅಂದರೆ ಕಿಂಡರ್‌ಗಾರ್ಟನ್‌ಗೂ ಮೊದಲಿನ ಒಂದು ವರ್ಷದ ತರಗತಿ, ಇದೆ. ನಮ್ಮಲ್ಲಿ ನೋಂದಣಿ ಶುರುವಾಗುವುದು ನಾಳೆ ಬೆಳಗ್ಗೆ 8 ಗಂಟೆಗೆ. ಅವಳ ಜನನ ಪ್ರಮಾಣಪತ್ರ, ಲಸಿಕೆ ಕಾರ್ಡ್, ವಿಳಾಸಕ್ಕೆ ಕರೆಂಟ್ ಬಿಲ್ಲು ಎಲ್ಲ ಒಂದು ಕವರಿಗೆ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಏಳೂವರೆಗೇ ಹೋಗಿ ಆ ಕೌಂಟರ್ ಮುಂದೆ ನಿಲ್ಲುತ್ತೇನೆ.